ಇಲಕಲ್ ಸೀರೆಯ ಕ್ವಿಲ್ಟ್: ಲಾಂಗ್‌ಆರ್ಮ್‌ಗೆ ಕೊಡುವ ಮುನ್ನ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅವ್ವನ ಎರಡು ಹಳೆಯ ಇಲಕಲ್ ಸೀರೆ ಕತ್ತರಿಸಿ, ನಡುನಡುವೆ ಬಿಳಿ ಹತ್ತಿ ಬಟ್ಟೆ ಸೇರಿಸಿ ಕ್ವಿಲ್ಟ್‌ನ ಮೇಲ್ಪದರ ಹೊಲಿದಿದ್ದೇನೆ. 58 ಅಂಗುಲ ಅಗಲ, 68 ಅಂಗುಲ ಉದ್ದ ಇದೆ. ಅಸ್ತರನ್ನು 60ಕ್ಕೆ 70 ಕತ್ತರಿಸಿ, ಮೂರೂ ಪದರಕ್ಕೆ ಪಿನ್ನು ಹಾಕಿ ಲಾಂಗ್‌ಆರ್ಮ್ (ದೊಡ್ಡ ಚೌಕಟ್ಟಿನ ಹೊಲಿಗೆ ಯಂತ್ರ) ಇಟ್ಟುಕೊಂಡು ಕ್ವಿಲ್ಟ್ ಹೊಲಿದುಕೊಡುವ ಕ್ವಿಲ್ಟರ್ ಒಬ್ಬರಿಗೆ ತೋರಿಸಿದೆ. ಪಿನ್ನೆಲ್ಲ ತೆಗೆಯಿರಿ, ಅಸ್ತರು ಸಾಲದು ಅಂದರು. ಊರಲ್ಲಿ ಕೌದಿಗೆ ಇಷ್ಟೆಲ್ಲ ಲೆಕ್ಕ ಹಾಕಿದ್ದು ನೋಡಿಲ್ಲ. ಸುತ್ತಲಿನ ಪಟ್ಟಿಯೂ ಸ್ವಲ್ಪ ಅಲೆಅಲೆಯಾಗಿದೆ. ಹೊಲಿಗೆ ಬಿದ್ದ ಮೇಲೆ ಕೂತುಕೊಳ್ಳುತ್ತದೆಯೆ?

ಉತ್ತರ: ಪಟ್ಟಿ ಕೂತುಕೊಳ್ಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಕೌದಿಯ ಮಾತು.

ಕೌದಿಯಲ್ಲಿ ಲೆಕ್ಕ ಇಲ್ಲ ಅಂತಲ್ಲ, ಲೆಕ್ಕ ಕೈಯಲ್ಲಿರುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊರ ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಹೊಲಿದುಕೊಂಡು ಬರುವುದನ್ನು ನೋಡಿ. ಬಟ್ಟೆ ಉಬ್ಬಿದರೆ ಹೆಬ್ಬೆರಳಲ್ಲಿ ಒತ್ತಿ ಅಲ್ಲೇ ಮಡಿಸಿ ಮುಂದೆ ಹೋಗುತ್ತಾರೆ. ಲಾಂಗ್‌ಆರ್ಮ್‌ಗೆ ಆ ಹೆಬ್ಬೆರಳಿಲ್ಲ. ಹತ್ತು ಹನ್ನೆರಡು ಅಡಿಯ ಚೌಕಟ್ಟಿನ ಮೇಲೆ ಬಟ್ಟೆ ರೋಲರುಗಳ ನಡುವೆ ಬಿಗಿದು ನಿಂತಿರುತ್ತದೆ, ಯಂತ್ರದ ತಲೆ ಅದರ ಮೇಲೆ ಓಡಾಡುತ್ತದೆ. ಅಸ್ತರನ್ನು ಒಂದು ರೋಲರಿನಿಂದ ಇನ್ನೊಂದಕ್ಕೆ ಕಟ್ಟಿ, ಮೇಲೆ ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ) ಹಾಸಿ, ಕೊನೆಗೆ ನಿಮ್ಮ ಮೇಲ್ಪದರ ಏರಿಸುತ್ತಾರೆ. ಮೂರೂ ಬಿಡಿಬಿಡಿಯಾಗಿ ಹೋಗುವುದರಿಂದ ನೀವು ಹಾಕಿದ ಪಿನ್ನನ್ನು ಆ ಕ್ವಿಲ್ಟರೇ ಕೂತು ಬಿಚ್ಚಬೇಕಾಗುತ್ತದೆ.

ಅಸ್ತರು ನಾಲ್ಕೂ ಕಡೆ 4 ಅಂಗುಲ ಹೆಚ್ಚಿರಬೇಕು. ಮೇಲೆ ಕೆಳಗೆ ರೋಲರಿನ ಬಟ್ಟೆಗೆ ಜೋಡಿಸಲು, ಪಕ್ಕದಲ್ಲಿ ಕ್ಲಿಪ್ ಹಾಕಿ ಎಳೆಯಲು ಜಾಗ ಬೇಡವೇ? ಕ್ಲಿಪ್ ತೀರ ಹತ್ತಿರವಿದ್ದರೆ ಯಂತ್ರದ ತಲೆ ಅದಕ್ಕೆ ಬಡಿಯುತ್ತದೆ. ಅಂದರೆ ನಿಮಗೆ ಬೇಕಾದ್ದು 66ಕ್ಕೆ 76.

ಕತ್ತರಿಸಿದ್ದನ್ನು ಎಸೆಯಬೇಡಿ. ಅಸ್ತರನ್ನು ಉದ್ದಕ್ಕೊಮ್ಮೆ ಸೀಳಿ ನಡುವೆ 9 ಅಂಗುಲದ ಪಟ್ಟಿ ಸೇರಿಸಿ, ಮತ್ತೆ ಅಡ್ಡಕ್ಕೆ ಸೀಳಿ ಇನ್ನೊಂದು 9 ಅಂಗುಲದ್ದು ಸೇರಿಸಿ. ಪಟ್ಟಿಯ ಎರಡೂ ಬದಿಯ ಹೊಲಿಗೆಗೆ ಎರಡೂ ಬಟ್ಟೆಯಿಂದ ಅರ್ಧರ್ಧ ಅಂಗುಲದಂತೆ ಒಟ್ಟು 2 ಅಂಗುಲ ಹೋದರೂ 67ಕ್ಕೆ 77 ಆಗುತ್ತದೆ, ಮೂಲೆ ನೇರ ಮಾಡಲು ಒಂದಂಗುಲ ಮಿಗುತ್ತದೆ. ಹಿಂಬದಿಯಲ್ಲಿ ಅಡ್ಡ ಉದ್ದ ಪಟ್ಟಿ ಕಂಡರೆ ಕಾಣಲಿ, ನನಗಂತೂ ಚೆಂದವೇ. ಹೊಸದೇ ಕೊಳ್ಳುವುದಾದರೆ 42 ಅಂಗುಲದ ಬಟ್ಟೆ 4 ಗಜ ತನ್ನಿ. ಎರಡು ತುಂಡು ಅಡ್ಡಡ್ಡ ಇಟ್ಟು ಜೋಡಿಸಿ, ಆಗ ಜೋಡಿಸಿದ ಹೊಲಿಗೆ ರೋಲರಿಗೆ ಸಮಾನಾಂತರ ಬರುತ್ತದೆ. ಉದ್ದುದ್ದ ಜೋಡಿಸಿದರೆ ರೋಲರಿನ ಮೇಲೆ ಆ ಹೊಲಿಗೆ ಒಂದೇ ಜಾಗದಲ್ಲಿ ಸುತ್ತಿಕೊಂಡು ದಪ್ಪಗಾಗುತ್ತದೆ, ಪಕ್ಕದ ಬಟ್ಟೆ ಸಡಿಲ ಬೀಳುತ್ತದೆ. ಜೋಡಿಸುವ ಕಡೆ ಮಗ್ಗದ ಬಿಗಿ ಅಂಚನ್ನು ಕತ್ತರಿಸಿಬಿಡಿ, ಅದು ಮಿಕ್ಕ ಬಟ್ಟೆಯಂತೆ ಹಿಗ್ಗುವುದಿಲ್ಲ. ಬೆಡ್‌ಶೀಟ್ ಬೇಡ. ಒತ್ತಾದ ನೇಯ್ಗೆಯಲ್ಲಿ ಸೂಜಿ ಹೊಲಿಗೆ ಬಿಡುತ್ತದೆ.

ಈಗ ಅಲೆಅಲೆ ಪಟ್ಟಿ. ಟೇಪು ಹಿಡಿದು ನಡುಮಧ್ಯದಲ್ಲಿ ಉದ್ದ ಅಳೆಯಿರಿ, ಆಮೇಲೆ ಎರಡೂ ಅಂಚಿನಲ್ಲಿ. ನಡುವೆ 68, ಅಂಚಿನಲ್ಲಿ 69½ ಬಂದರೆ ಆ ಒಂದೂವರೆ ಅಂಗುಲ ಎಲ್ಲಿಗೆ ಹೋಗಬೇಕು? ನಿರಿಗೆಯಾಗಿ ಹೊಲಿಗೆಯಡಿ ಸಿಕ್ಕಿಕೊಳ್ಳುತ್ತದೆ. ನನ್ನ ಮೊದಲ ಕ್ವಿಲ್ಟ್ ಹಾಗೇ ಆಗಿ ಬಂತು, ಮೂಲೆಯಲ್ಲಿ ಎರಡು ನಿರಿಗೆ. ಹೊಲಿದವರನ್ನು ಬೈದುಕೊಂಡೆ, ತಪ್ಪು ನನ್ನ ಟೇಪಿನದ್ದು. ಪಟ್ಟಿ ಬಿಚ್ಚಿ. ಒಳಗೆ ಉಳಿದ ಭಾಗದ ಉದ್ದವನ್ನು ಅಂಚು ಬಿಟ್ಟು ನಡುಭಾಗದಲ್ಲಿ ಮೂರು ಕಡೆ ಅಳೆದು, ಅದರ ಸರಾಸರಿಗೆ ಎರಡೂ ಬದಿಯ ಪಟ್ಟಿ ಕತ್ತರಿಸಿ, ಮೊದಲು ಮಧ್ಯಕ್ಕೆ, ತುದಿಗಳಿಗೆ ಪಿನ್ನು ಹಾಕಿ ಹೊಲಿಯಿರಿ. ಅದಾದ ಮೇಲೆ ಮೇಲ್ಭಾಗ, ಕೆಳಭಾಗ. ಪಟ್ಟಿಯನ್ನು ಸೀರೆಯ ಒಡಲಿನಿಂದ ಅಡ್ಡಕ್ಕೆ ಕತ್ತರಿಸಿದ್ದಿರಾದರೆ ಈ ಸಲ ಅಂಚಿನ ಗುಂಟ ಉದ್ದಕ್ಕೆ ಕತ್ತರಿಸಿ, ಎಳೆದರೂ ಕಡಿಮೆ ಹಿಗ್ಗುತ್ತದೆ.

ಇಲಕಲ್‌ನಲ್ಲಿ ಇನ್ನೊಂದು ಸಂಗತಿ ಇದೆ. ಅವ್ವನದು ಹತ್ತಿ ಒಡಲಿನ ಸೀರೆಯಾದರೂ ಸೆರಗು ರೇಷ್ಮೆಯದಿರಬಹುದು, ತೋಪು ತೆನಿ ಎಂಬ ನೇಯ್ಗೆಯಲ್ಲಿ ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಇಸ್ತ್ರಿಗೆ, ನೀರಿಗೆ ಅವೆರಡೂ ಒಂದೇ ಥರ ಇರುವುದಿಲ್ಲ. ಸೆರಗಿನ ತುಂಡುಗಳ ಹಿಂದೆ ತೆಳ್ಳನೆಯ ಫ್ಯೂಸಿಂಗ್ (ಇಸ್ತ್ರಿ ಶಾಖಕ್ಕೆ ಅಂಟುವ ಒಳಬಟ್ಟೆ) ಅಂಟಿಸಿದ್ದರೆ ಸರಿ. ಇಲ್ಲವಾದರೆ ಇಡೀ ಮೇಲ್ಪದರದ ಅಂಚಿನ ಸುತ್ತ 1/8 ಅಂಗುಲ ಒಳಗೆ ಒಂದು ಸಾಲು ಹೊಲಿಗೆಯನ್ನಾದರೂ ಓಡಿಸಿ, ಜೋಡುಗಳು ತುದಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಕೆಂಪು ತುಂಡಿನ ಮೇಲೆ ಒದ್ದೆ ಬಿಳಿ ಅರಿವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಣ್ಣ ಹತ್ತಿದರೆ ಪಕ್ಕದ ಬಿಳಿ ಚೌಕಕ್ಕೂ ಮುಂದೆ ಹತ್ತುತ್ತದೆ.

ಹಿಂದಿನಿಂದ ಜೋತ ದಾರಗಳನ್ನು ಕತ್ತರಿಸಿ. ಬಿಳಿ ಬಟ್ಟೆಯಡಿ ಒಂದು ಕೆಂಪೆಳೆ ಉಳಿದರೂ ಮೇಲೆ ಕಾಣುತ್ತದೆ. ಯಾವ ಕಡೆ ಮೇಲೆ ಎಂದು ಸೇಫ್ಟಿ ಪಿನ್ನಿನಲ್ಲಿ ಚೀಟಿ ಸಿಕ್ಕಿಸಿ. ಯಾವುದಾದರೂ ಚೌಕದಲ್ಲಿ ಅವ್ವ ಹಾಕಿದ ಕಸೂತಿ ಇದ್ದರೆ ಅದನ್ನು ಕ್ವಿಲ್ಟರಿಗೆ ಮುಂಚೆಯೇ ಬಾಯಿಬಿಟ್ಟು ಹೇಳಿ. ಅಂಚಿನಿಂದಂಚಿಗೆ ಓಡುವ ಸಾದಾ ವಿನ್ಯಾಸ ಅದರ ಮೇಲೂ ಹಾದುಹೋಗುತ್ತದೆ. ಅದನ್ನು ಬಿಟ್ಟು ಸುತ್ತ ಹೊಲಿಯಿರಿ ಎಂದರೆ ದರ ಏರುತ್ತದೆ, ಆದರೂ ಹಾಗೇ ಹೇಳಿ.