ಡಿವೋರ್ಸ್ ಆದಮೇಲೆ ಇಬ್ಬರ ಹೆಸರಿನಲ್ಲಿರುವ ಫ್ಲ್ಯಾಟ್ ಮಾರಲು ಒಬ್ಬರು ಒಪ್ಪದಿದ್ದರೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನ ಫ್ಲ್ಯಾಟ್ ಇಬ್ಬರ ಹೆಸರಿನಲ್ಲಿದೆ, ಡಿವೋರ್ಸ್ ಆಗಿ ಎರಡು ವರ್ಷ ಆಯಿತು, ಮಾಜಿ ಗಂಡ ಅಲ್ಲೇ ವಾಸ ಇದ್ದಾರೆ, ಮಾರೋಣ ಅಂದರೆ ಒಪ್ಪುತ್ತಿಲ್ಲ, ಇಎಂಐ ಮಾತ್ರ ನಿಮ್ಮ ಅಕೌಂಟಿನಿಂದ ಹೋಗುತ್ತಿದೆ. ನಾನೊಬ್ಬಳೇ ಮಾರಬಹುದಾ ಅಂತ.

ಇಡೀ ಫ್ಲ್ಯಾಟನ್ನು ನೀವೊಬ್ಬರೇ ಮಾರಲು ಆಗುವುದಿಲ್ಲ. ಆದರೆ ಅವರು ಬೇಡ ಅಂದ ಮಾತ್ರಕ್ಕೆ ನೀವು ಸುಮ್ನೆ ಕೂರಬೇಕಾಗಿಯೂ ಇಲ್ಲ. ನಾನು ವಕೀಲೆ ಅಲ್ಲ, ಇದೇ ವಿಚಾರಕ್ಕೆ ಮೂರೂವರೆ ವರ್ಷ ಕೋರ್ಟಿಗೆ ಅಲೆದವಳು. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ನಮ್ಮದು ಒಪ್ಪಿಗೆಯ ಡಿವೋರ್ಸ್. ಆಗ ಎಲ್ಲ ಬೇಗ ಮುಗಿದರೆ ಸಾಕಾಗಿತ್ತು. ಅರ್ಜಿಯಲ್ಲಿ ಫ್ಲ್ಯಾಟ್ ಬಗ್ಗೆ ಒಂದೇ ಸಾಲು ಇತ್ತು, 'ಆಸ್ತಿಯ ವಿಚಾರವನ್ನು ಮುಂದೆ ಇಬ್ಬರೂ ಕೂತು ತೀರ್ಮಾನಿಸಿಕೊಳ್ಳುತ್ತೇವೆ' ಅಂತ. ನಾನು ಅದನ್ನು ಓದಿಯೇ ಸಹಿ ಹಾಕಿದ್ದೆ. ಆಮೇಲೆ ನನ್ನ ಮಾಜಿ ಗಂಡ ಕೂರಲೂ ಇಲ್ಲ, ತೀರ್ಮಾನವೂ ಆಗಲಿಲ್ಲ, ಆ ಸಾಲು ಹಿಡಿದುಕೊಂಡು ನಾನು ಏನನ್ನೂ ಜಾರಿ ಮಾಡಿಸಲು ಆಗಲಿಲ್ಲ. ಇನ್ನೂ ಡಿವೋರ್ಸ್ ಆಗದ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಂಥ ಸಾಲಿಗೆ ಸಹಿ ಹಾಕಬೇಡಿ. ಫ್ಲ್ಯಾಟ್ ವಿವರ ಷೆಡ್ಯೂಲಿನಲ್ಲಿ, ಅಂದರೆ ಅರ್ಜಿಯ ಜೊತೆಗಿನ ಆಸ್ತಿ ಪಟ್ಟಿಯಲ್ಲಿ ಬರಲಿ, ಯಾರಿಗೆ ಎಷ್ಟು, ಯಾವ ತಾರೀಖಿನೊಳಗೆ, ಸಾಲ ಯಾರು ತೀರಿಸಬೇಕು ಎಲ್ಲ ಬರಲಿ. ಒಬ್ಬರು ಪಾಲು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ಡಿಕ್ರಿಗೆ (ಕೋರ್ಟ್ ಬರೆದು ಕೊಡುವ ತೀರ್ಮಾನಕ್ಕೆ) ಮೊದಲೇ ರಿಜಿಸ್ಟರ್ ಮಾಡಿಸುವ ಬಗ್ಗೆ ವಕೀಲರ ಹತ್ತಿರ ಕೇಳಿ. ಗಂಡ ಹೆಂಡತಿ ಆಗಿರುವಾಗ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ಡಿವೋರ್ಸ್ ಆದಮೇಲೂ ಸಿಗುತ್ತದೆ ಅಂತ ನಂಬಿಕೊಂಡು ಇರಬೇಡಿ.

ಈಗ ನಿಮ್ಮ ವಿಚಾರ. ಮೊದಲು ಕ್ರಯಪತ್ರ ತೆಗೆದು ನೋಡಿ, ಯಾರ ಪಾಲು ಎಷ್ಟು ಅಂತ ಬರೆದಿದೆಯಾ? ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಬರುತ್ತದೆ. ಯಾರು ಎಷ್ಟು ದುಡ್ಡು ಹಾಕಿದರೋ ಆ ಪ್ರಮಾಣದಲ್ಲಿ ಪಾಲು, ಅದಕ್ಕೆ ಸಾಕ್ಷಿ ಇಲ್ಲದಿದ್ದರೆ ಸಮಪಾಲು. ಡಿವೋರ್ಸ್ ಆದರೆ ತಾನಾಗೇ ಅರ್ಧ ಅರ್ಧ ಅನ್ನುವ ನಿಯಮ ನಮ್ಮಲ್ಲಿಲ್ಲ, ಗೋವಾದ ಸಿವಿಲ್ ಕಾನೂನು ಮಾತ್ರ ಬೇರೆ. ಆದ್ದರಿಂದ ಡೌನ್ ಪೇಮೆಂಟ್ ಯಾರ ಅಕೌಂಟಿನಿಂದ ಹೋಯಿತು, ಇಎಂಐ ಯಾರು ಕಟ್ಟಿದರು, ಇವೇ ನಿಮ್ಮ ಬಲ. ನಾನು ಆರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಅಡುಗೆಮನೆ ಕಟ್ಟೆ ಮೇಲೆ ಹರಡಿಕೊಂಡು, ಪ್ರತಿ ತಿಂಗಳು 5ನೇ ತಾರೀಖಿನ ಸಾಲಿಗೆ ಹಳದಿ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಆಮೇಲೆ ಮೀಡಿಯೇಷನ್‌ನಲ್ಲಿ, ಅಂದರೆ ಸಂಧಾನಕ್ಕೆ ಕೂತಾಗ, ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಹಾಳೆಗಳೇ.

ನಿಮ್ಮ ಪಾಲನ್ನು ಮಾತ್ರ ಬೇರೆಯವರಿಗೆ ಮಾರಬಹುದಾ ಅಂದರೆ, ಕಾನೂನಿನಲ್ಲಿ ಅವಕಾಶ ಇದೆ. ಆದರೆ ಸಾಲ ಇರುವಾಗ ಬ್ಯಾಂಕ್ ಬಿಡುವುದಿಲ್ಲ, ಮತ್ತೆ ಜಗಳದ ಮನೆಯ ಅರ್ಧ ಪಾಲು ಕೊಳ್ಳಲು ಬರುವವರು ಮೂರು ಕಾಸಿಗೆ ಕೇಳುತ್ತಾರೆ. ನನ್ನ ಹತ್ತಿರವೂ ಒಬ್ಬ ಬ್ರೋಕರ್ ಬಂದಿದ್ದರು. ಆ ದಾರಿಗೆ ಹೋಗಬೇಡಿ.

ಸರಿಯಾದ ದಾರಿ ವಿಭಾಗದ ದಾವೆ, ಅಂದರೆ ಪಾರ್ಟಿಷನ್ ಸೂಟ್. ಗಂಡ ಹೆಂಡತಿಯ ನಡುವಿನ ಆಸ್ತಿ ವ್ಯಾಜ್ಯ ಫ್ಯಾಮಿಲಿ ಕೋರ್ಟಿಗೆ ಬರುತ್ತದೆ, ಡಿವೋರ್ಸ್ ಆಗಿದ್ದರೂ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಫ್ಲ್ಯಾಟನ್ನು ಗೋಡೆ ಹಾಕಿ ಎರಡು ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ 1893ರ ವಿಭಾಗ ಕಾಯ್ದೆಯ 2ನೇ ಕಲಂ ಇದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ಕೇಳಿದರೆ, ಹಂಚುವ ಬದಲು ಮಾರಿ ದುಡ್ಡು ಹಂಚಲು ಕೋರ್ಟ್ ಆದೇಶ ಮಾಡಬಹುದು. ಇಲ್ಲಿ 'ಅರ್ಧ' ಅನ್ನುವ ಮಾತಿನ ಮೇಲೆ ನಿಗಾ ಇರಲಿ. ಎದುರಿನವರು ನಿಮ್ಮ ಪಾಲು ಅರ್ಧಕ್ಕಿಂತ ಕಡಿಮೆ ಅಂತ ವಾದ ಮಾಡುವುದು ಇದಕ್ಕೇ. ಆ ಹಳದಿ ಗೆರೆಯ ಹಾಳೆಗಳು ಬೇಕಾಗುವುದೂ ಇಲ್ಲೇ.

ನೀವು ಮಾರಾಟ ಕೇಳಿದ ಕೂಡಲೇ ಅವರಿಗೆ 3ನೇ ಕಲಂ ಪ್ರಕಾರ ಒಂದು ಹಕ್ಕು ಬರುತ್ತದೆ. ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಅಂತ ಅವರು ಕೇಳಿದರೆ ಕೋರ್ಟ್ ಬೆಲೆ ಕಟ್ಟಿಸಿ ಅವರಿಗೇ ಮೊದಲು ಕೊಡಬೇಕು. ನಮ್ಮ ಕೇಸಿನಲ್ಲಿ ಹೀಗೇ ಆಯಿತು. ಎರಡು ವರ್ಷ ಉತ್ತರವನ್ನೇ ಕೊಡದಿದ್ದ ಮನುಷ್ಯ ನಾನು ಮಾರಾಟ ಕೇಳಿ ಅರ್ಜಿ ಹಾಕಿದ ಮೇಲೆ ನಾನೇ ತಗೊಳ್ತೀನಿ ಅಂದರು. ಬೆಲೆ ಕಟ್ಟುವವರು ಬಂದು ಅಳತೆ ಹಿಡಿದು ಹೋದರು. ಆ ಬೆಲೆಗೆ ಅವರಿಗೆ ಸಾಲ ಸಿಗಲಿಲ್ಲ. ಆಮೇಲೆ ಬೆಂಗಳೂರಿನ ನ್ಯಾಯದೇಗುಲ ಕಟ್ಟಡದ ಮೀಡಿಯೇಷನ್ ಸೆಂಟರಿನಲ್ಲಿ ನಾಲ್ಕು ಸಲ ಕೂತು, ಮೂರನೆಯವರಿಗೆ ಮಾರುವುದು ಅಂತ ಒಪ್ಪಂದ ಆಯಿತು. ಅಂದರೆ ಆ ಕಾಯ್ದೆ ಮನೆಯನ್ನು ನೇರವಾಗಿ ಮಾರಿಸಲಿಲ್ಲ, ಆದರೆ ಅವರನ್ನು ಮೇಜಿನ ಮುಂದೆ ಕೂರಿಸಿತು.

ಕಾಲ ಹಿಡಿಯುತ್ತದೆ. ಮೊದಲು ಪಾಲು ನಿರ್ಧರಿಸುವ ಪ್ರಾಥಮಿಕ ಡಿಕ್ರಿ, ಆಮೇಲೆ ಆ ಪಾಲನ್ನು ನಿಜವಾಗಿ ಹಂಚಿಕೊಡುವ ಅಂತಿಮ ಡಿಕ್ರಿ. ಅಂತಿಮ ಡಿಕ್ರಿಗೆ ಮತ್ತೆ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಇದನ್ನು ನಿಮ್ಮ ವಕೀಲರಿಗೆ ನೆನಪಿಸಿ. ಕೇಸ್ ನಡೆಯುವಾಗ ಅವರು ತಮ್ಮ ಪಾಲನ್ನು ಯಾರಿಗಾದರೂ ಮಾರಿದರೂ ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರು, ಆ ಭಯ ಬೇಡ.

ಇಎಂಐ ನಿಲ್ಲಿಸಬೇಡಿ. ಸಿಟ್ಟಿಗೆ ನಿಲ್ಲಿಸಬೇಕು ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಬ್ಯಾಂಕಿಗೆ ನಿಮ್ಮ ಡಿವೋರ್ಸ್ ಸಂಬಂಧ ಇಲ್ಲ, ಸಾಲದಲ್ಲಿ ಇಬ್ಬರ ಸಹಿ ಇದ್ದರೆ ಪೂರ್ತಿ ಬಾಕಿಗೆ ಇಬ್ಬರೂ ಹೊಣೆ. ಕಟ್ಟುತ್ತಾ ಹೋಗಿ, ದಾವೆಯಲ್ಲಿ ಅದರ ಲೆಕ್ಕ ಕೇಳಿ. ಅವರೊಬ್ಬರೇ ಮನೆ ಬಳಸುತ್ತಿರುವುದಕ್ಕೆ ಬಾಡಿಗೆಯ ಪಾಲು ಕೇಳುವ ಬಗ್ಗೆಯೂ ವಕೀಲರ ಜೊತೆ ಮಾತಾಡಿ.

ಮಾರಾಟದ ದಿನದ ಒಂದು ಮಾತು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1% ಟಿಡಿಎಸ್ (ದುಡ್ಡು ಕೊಡುವಾಗಲೇ ಕಳೆದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಾರೆ. ಅದನ್ನು ಇಬ್ಬರ ಪ್ಯಾನ್ ನಂಬರಿಗೂ ಅವರವರ ಪಾಲಿನ ಪ್ರಕಾರ ಕಟ್ಟಿಸಿ. ನಮ್ಮಲ್ಲಿ ಪೂರ್ತಿ ಒಬ್ಬರ ಪ್ಯಾನ್‌ಗೇ ಹೋಗಿ, ಸರಿಪಡಿಸಲು ತಿಂಗಳುಗಟ್ಟಲೆ ಹಿಡಿಯಿತು.

ನಿಮ್ಮ ಡಿಕ್ರಿಯ ಸರ್ಟಿಫೈಡ್ ಕಾಪಿಯಲ್ಲಿ ಫ್ಲ್ಯಾಟ್ ಬಗ್ಗೆ ಏನು ಬರೆದಿದೆ? ಹೆಸರು, ಕೇಸ್ ನಂಬರ್ ತೆಗೆದು ಆ ಸಾಲನ್ನು ಮಾತ್ರ ಇಲ್ಲಿ ಹಾಕಿ. ಮಾರಬೇಕು ಅಂತ ಸ್ಪಷ್ಟವಾಗಿ ಬರೆದಿದ್ದರೆ ನಿಮಗೆ ಹೊಸ ದಾವೆಯೇ ಬೇಡವಾಗಬಹುದು, ಅದನ್ನೇ ಜಾರಿ ಮಾಡಿಸಲು ಕೇಳಬಹುದು.