ಸಿಗ್ನಲ್‌ನಲ್ಲಿ ಏರುವ ಮುಳ್ಳು, ಓಟದಲ್ಲಿ ಇಳಿಯುವುದೇಕೆ?

ಪ್ರಶ್ನೆ: ಸಿಗ್ನಲ್‌ನಲ್ಲಿ ಐದಾರು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರುತ್ತದೆ. ಗಾಡಿ ಓಡತೊಡಗಿದರೆ ಇಳಿಯುತ್ತದೆ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಮಟ್ಟ ಸರಿಯಾಗಿದೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದುಬಿಡಿ ಎನ್ನುತ್ತಾರೆ ಮೆಕ್ಯಾನಿಕ್. ತೆಗೆಸಲೇ?

ಉತ್ತರ: ಬೇಡ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ. ಥರ್ಮೋಸ್ಟಾಟ್ ಅರ್ಧಕ್ಕೆ ಕಚ್ಚಿಕೊಂಡಿದ್ದರೆ ವೇಗದ ಓಟದಲ್ಲಿ, ಏರು ಹತ್ತುವಾಗ ಬಿಸಿ ಇನ್ನೂ ಹೆಚ್ಚಬೇಕಿತ್ತು. ಅದನ್ನು ಕಿತ್ತರೆ ಎಂಜಿನ್ ಕಾಯಲು ತಡವಾಗಿ ಇಂಧನ ದಂಡವಾಗುತ್ತದೆ, ಅಷ್ಟೆ.

ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತುಸು ಹೊತ್ತಿನಲ್ಲೇ ತಿರುಗಬೇಕು (ಕೈ ದೂರವಿರಲಿ). ಎಸಿ ಹಾಕಿದಾಗ ತಿರುಗಿಯೂ, ಎಸಿ ಇಲ್ಲದೆ ಬರೀ ಬಿಸಿಗೆ, ಅಂದರೆ ಸುಮಾರು 95ರಿಂದ 105 ಡಿಗ್ರಿಗೆ ಬಂದರೂ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್, ಅದರ ವೈರಿಂಗ್ ನೋಡಿಸಿ. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಪಕ್ಕದಲ್ಲಿ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿದರೆ ಗೊತ್ತಾಗಿಬಿಡುತ್ತದೆ. ಎಂಜಿನ್ ಆರಿಸಿ, ತಣಿದ ಮೇಲೆ ಫ್ಯಾನ್ ಮೋಟಾರಿನ ಪ್ಲಗ್ ಕಳಚಿ ನೋಡಿ: ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿ ಕರಗಿದ್ದರೆ ಪ್ಲಗ್ ಜತೆ ಮೋಟಾರನ್ನೂ ಪರೀಕ್ಷಿಸಿ; ಸವೆದ ಮೋಟಾರ್ ಹೆಚ್ಚು ಕರೆಂಟ್ ಎಳೆದು ಹೊಸ ಪ್ಲಗ್ಗನ್ನೂ ಸುಡುತ್ತದೆ.

ಫ್ಯಾನ್ ಚೆನ್ನಾಗಿಯೇ ತಿರುಗುತ್ತಿದೆಯೇ? ಎಸಿ ಕಂಡೆನ್ಸರ್ (ರೇಡಿಯೇಟರಿನ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಹೊರಗಿನಿಂದ ಶುಭ್ರವಾಗಿ ಕಂಡರೂ ಅಲ್ಲಿ ಧೂಳು, ಹುಳುಗಳು ಕಂಬಳಿಯಂತೆ ಹೆಣೆದುಕೊಂಡಿರುತ್ತವೆ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಬಿಟ್ಟರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಪ್ರಶ್ನೆ: ಕೆಳಗೆ ಒಂದು ಹನಿಯೂ ಬೀಳುವುದಿಲ್ಲ, ಆದರೂ ಕೂಲಂಟ್ ತಿಂಗಳಿಗೆ ಅರ್ಧ ಲೀಟರ್ ಕಡಿಮೆಯಾಗುತ್ತದೆ. ನಲ್ಲಿ ನೀರು ತುಂಬುತ್ತಿದ್ದೇನೆ.

ಉತ್ತರ: ಬಿಸಿಯಾಗಿ ಒತ್ತಡ ಸುಮಾರು 1 ಬಾರ್‌ಗೆ ಏರಿದಾಗ ಮಾತ್ರ ಸೋರಿ, ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿರಬಹುದು. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ಕ್ಲಿಪ್‌ಗಳ ಬಳಿ ಬಿಳಿ ಅಥವಾ ಕೂಲಂಟ್ ಬಣ್ಣದ ಒಣ ಹಕ್ಕಳೆ ಇದೆಯೇ ನೋಡಿ. ಕಾರಿನೊಳಗೆ ಸಿಹಿ ವಾಸನೆ, ಗಾಜಿಗೆ ಜಿಡ್ಡು ಮಂಜು ಇದ್ದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿರಬಹುದು. ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ, ಕೂಲಂಟ್ ಟ್ಯಾಂಕಿನಲ್ಲಿ ಸತತ ಗುಳ್ಳೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲು) ಹೋಗಿರುವ ಅನುಮಾನ. ಗಾಡಿ ಓಡಿಸದೆ ಟೋ ಮಾಡಿಸಿ.

ಕೂಲಂಟ್ ಟ್ಯಾಂಕ್ ಅಥವಾ ರೇಡಿಯೇಟರಿನ ಕ್ಯಾಪನ್ನು ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ತೆರೆಯಿರಿ. ಸೋರಿಕೆ ಸರಿಹೋದ ನಂತರ ಹಳೆಯದನ್ನೆಲ್ಲ ಬಸಿಸಿ. ನಲ್ಲಿ ನೀರಿನ ಲವಣ ರೇಡಿಯೇಟರಿನೊಳಗೆ ಗಟ್ಟಿಕಟ್ಟುತ್ತದೆ. ಕೈಪಿಡಿ ಹೇಳಿದ ಬಗೆಯ ಕೂಲಂಟ್, ಡಿಸ್ಟಿಲ್ಡ್ ವಾಟರ್ ಸಾಮಾನ್ಯವಾಗಿ ಸಮಪಾಲು. ಪ್ರೀಮಿಕ್ಸ್ (ಮೊದಲೇ ನೀರು ಬೆರೆಸಿದ) ಡಬ್ಬಿಯಾದರೆ ನೀರು ಬೆರೆಸಬೇಡಿ.