ಕಲ್ಚರ್ ರಿಪೋರ್ಟಿನಲ್ಲಿ ಸಂಖ್ಯೆ ಕಡಿಮೆ ಇದ್ದರೆ ಔಷಧಿ ಜೋರೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಕಲ್ಚರ್ ರಿಪೋರ್ಟಿನ (ಮೂತ್ರ, ರಕ್ತ, ಕಫದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಿದ ವರದಿ) ಫೋಟೊ ಕಳಿಸಿ "ಇದರಲ್ಲಿ ಯಾವುದನ್ನು ತಗೊಳ್ಳಲಿ?" ಎಂದು ಕೇಳುತ್ತೀರಿ. ಫೋಟೊ ನೋಡಿ ಔಷಧಿ ಹೇಳುವ ಕೆಲಸ ನಾನು ಮಾಡುವುದಿಲ್ಲ, ರೋಗಿಯನ್ನು ನೋಡದೆ ಯಾರೂ ಮಾಡಬಾರದು. ಆದರೆ ಇಂಥ ರಿಪೋರ್ಟುಗಳಿಗೆ ಲ್ಯಾಬಿನಲ್ಲಿ ಕೂತು ಸಹಿ ಹಾಕುವುದೇ ನನ್ನ ಕೆಲಸ. ಹಾಗಾಗಿ ಅದನ್ನು ತಪ್ಪಾಗಿ ಓದಿ ಜನ ಅಪಾಯಕ್ಕೆ ಸಿಲುಕುವುದನ್ನು ಸುಮ್ಮನೆ ನೋಡುತ್ತಾ ಕೂರಲಾರೆ.

ಪ್ರಶ್ನೆ: ಅಮ್ಮನಿಗೆ 64 ವರ್ಷ, ಶುಗರ್ ಇದೆ. ಉರಿಮೂತ್ರ ಅಂತ ಯೂರಿನ್ ಕಲ್ಚರ್ ಮಾಡಿಸಿದೆವು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ, ಒಂದು ಎಂಎಲ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಎಂದು ಬಂತು. ಪಟ್ಟಿಯಲ್ಲಿ ಮೆರೊಪೆನೆಮ್ ≤0.25 ಎಸ್, ಅಮಿಕಾಸಿನ್ ≤2 ಎಸ್, ನೈಟ್ರೊಫ್ಯುರಾಂಟಾಯಿನ್ ≤16 ಎಸ್, ಸಿಪ್ರೊಫ್ಲಾಕ್ಸಾಸಿನ್ 1 ಆರ್, ಸೆಫ್ಟ್ರಿಯಾಕ್ಸೋನ್ ≥64 ಆರ್ ಅಂತಿದೆ. ಡಾಕ್ಟರು ನೈಟ್ರೊಫ್ಯುರಾಂಟಾಯಿನ್ ಮಾತ್ರೆ ಬರೆದಿದ್ದಾರೆ. ಅದರ ಎಂಐಸಿ ಹದಿನಾರು! ಮೆರೊಪೆನೆಮ್‌ದು ಬರೀ ಕಾಲು. ಕಡಿಮೆ ಇರುವುದೇ ಪವರ್‌ಫುಲ್ ಅಲ್ಲವೇ? ಮೆಡಿಕಲ್ ಶಾಪ್ ಇಟ್ಟಿರುವ ನಮ್ಮ ಮಾವನೂ ಹಾಗೇ ಹೇಳುತ್ತಾರೆ. ಆ ಇಂಜೆಕ್ಷನ್ನೇ ಹಾಕಿ ಅಂತ ಡಾಕ್ಟರನ್ನು ಕೇಳೋಣವೇ?
– ದಾವಣಗೆರೆಯ ಓದುಗರು

ಉತ್ತರ: ಕೇಳಬೇಡಿ. ನಿಮ್ಮ ಡಾಕ್ಟರು ಯೋಚಿಸಿಯೇ ಬರೆದಿದ್ದಾರೆ. ಮಾವನವರಿಗೂ ಇದನ್ನು ಓದಿ ಹೇಳಿ.

ರಿಪೋರ್ಟಿನಲ್ಲಿ ಎಸ್ ಎಂದರೆ ಔಷಧಿ ಆ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತದೆ, ಆರ್ ಎಂದರೆ ಮಾಡುವುದಿಲ್ಲ. ಅದರ ಪಕ್ಕದ ಸಂಖ್ಯೆ ಎಂಐಸಿ. ಎಂಐಸಿ ಎಂದರೆ ಆ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಕಣ್ಣಿಗೆ ಕಾಣದಷ್ಟು ತಡೆಯಲು ಬೇಕಾದ ಕನಿಷ್ಠ ಔಷಧಿ, ಒಂದು ಎಂಎಲ್‌ಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕ. ಒಂದೊಂದು ಔಷಧಿಯ ತೂಕ, ಸ್ವಭಾವ, ದೇಹದಲ್ಲಿ ಅದು ತಲುಪುವ ಜಾಗ ಬೇರೆ ಬೇರೆ. ಸಾರಿಗೆ ಇಂಗು ಚಿಟಿಕೆ ಸಾಕು, ಉಪ್ಪು ಚಮಚದಲ್ಲಿ ಬೇಕು. ಅಷ್ಟಕ್ಕೇ ಉಪ್ಪಿಗಿಂತ ಇಂಗು ಜೋರು ಎಂದು ಯಾರೂ ಹೇಳುವುದಿಲ್ಲ. ಒಂದು ಔಷಧಿಯ ಎಂಐಸಿಯನ್ನು ಅದೇ ಔಷಧಿಗೆ ನಿಗದಿಯಾದ ಗಡಿಯ ಜೊತೆಗೆ ಮಾತ್ರ ಹೋಲಿಸಬೇಕು. ಭಾರತದ ಬಹಳಷ್ಟು ಲ್ಯಾಬ್‌ಗಳು ಅನುಸರಿಸುವುದು ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಗಡಿಗಳನ್ನು. ಅದರ ಪ್ರಕಾರ ಮೂತ್ರದಲ್ಲಿ ಸಿಕ್ಕ ಇ. ಕೋಲೈಗೆ ನೈಟ್ರೊಫ್ಯುರಾಂಟಾಯಿನ್ 32ರವರೆಗೂ ಎಸ್. ಸಿಪ್ರೊಫ್ಲಾಕ್ಸಾಸಿನ್ 0.25ರವರೆಗೆ ಮಾತ್ರ ಎಸ್, 1 ಮುಟ್ಟಿದರೆ ಆರ್. ಈಗ ನಿಮ್ಮದೇ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ನಿಮ್ಮ ಲೆಕ್ಕದಂತೆ ಹೋದರೆ 16ಕ್ಕಿಂತ 1 ಒಳ್ಳೆಯದಾಗಬೇಕು. ಆ 1ರ ಪಕ್ಕದಲ್ಲೇ ಆರ್ ಎಂದು ಬರೆದಿದೆ. ಕೆಲಸಕ್ಕೆ ಬಾರದ ಔಷಧಿಯದು ಚಿಕ್ಕ ಸಂಖ್ಯೆ, ಕೆಲಸ ಮಾಡುವ ಔಷಧಿಯದು ದೊಡ್ಡ ಸಂಖ್ಯೆ.

ಗಡಿ ಇಷ್ಟು ಬೇರೆಯಾಗಲು ಕಾರಣವಿದೆ. ನೈಟ್ರೊಫ್ಯುರಾಂಟಾಯಿನ್ ರಕ್ತದಲ್ಲಿ ನಿಲ್ಲುವುದೇ ಇಲ್ಲ ಎನ್ನಬಹುದು, ಕಿಡ್ನಿ ಅದನ್ನು ಬೇಗ ಬೇಗ ಮೂತ್ರಕ್ಕೆ ತಳ್ಳುತ್ತದೆ. ಮೂತ್ರಕೋಶದಲ್ಲಿ ಅದರ ಸಾಂದ್ರತೆ ಆ ಹದಿನಾರನ್ನು ಸುಲಭವಾಗಿ ದಾಟುತ್ತದೆ. ಸೋಂಕು ಇರುವುದೂ ಅಲ್ಲೇ. ಇದೇ ಕಾರಣಕ್ಕೆ ಅದಕ್ಕೊಂದು ಮಿತಿಯೂ ಇದೆ: ಸೋಂಕು ಮೂತ್ರಕೋಶ ಬಿಟ್ಟು ಕಿಡ್ನಿಗೆ ಏರಿದ್ದರೆ ಇದು ಸಾಲದು. ಅಮ್ಮನಿಗೆ ಚಳಿ ನಡುಕದ ಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕ ನೋವು, ವಾಂತಿ ಬಂದರೆ ಮಾತ್ರೆ ಮುಗಿಯಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಶುಗರ್ ಇರುವವರಾದ್ದರಿಂದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿದ್ದಾರೆಯೇ ಎಂದೂ ಡಾಕ್ಟರನ್ನು ಕೇಳಿ. ಕಿಡ್ನಿ ತೀರಾ ಕುಗ್ಗಿದ್ದರೆ ಈ ಮಾತ್ರೆ ನಡೆಯುವುದಿಲ್ಲ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದು, ಮೆರೊಪೆನೆಮ್ ಅಲ್ಲ.

ಇನ್ನು ≤ ಎಂಬ ಆ ಚಿಹ್ನೆ. ಯಂತ್ರದ ಕಾರ್ಡಿನಲ್ಲಿ ಔಷಧಿಯ ಕೆಲವೇ ಸಾಂದ್ರತೆಗಳಿರುತ್ತವೆ. ಅವುಗಳಲ್ಲಿ ಅತಿ ಕಡಿಮೆಯದರಲ್ಲೂ ಬ್ಯಾಕ್ಟೀರಿಯಾ ಬೆಳೆಯದಿದ್ದರೆ "ಇಷ್ಟು ಅಥವಾ ಇದಕ್ಕಿಂತ ಕಡಿಮೆ" ಎಂದು ಅಚ್ಚಾಗುತ್ತದೆ. ನಿಮ್ಮ ಹದಿನಾರು ನಿಜಕ್ಕೂ ಎಂಟೋ ನಾಲ್ಕೋ ಇರಬಹುದು. ಯಂತ್ರ ಅಲ್ಲಿಗೆ ಅಳೆಯುವುದನ್ನು ನಿಲ್ಲಿಸಿದೆ, ಅಷ್ಟೇ. ಔಷಧಿ ಸೇರಿಸಿದ ಪುಟ್ಟ ಕಾಗದದ ಡಿಸ್ಕ್ ಇಟ್ಟು ಪರೀಕ್ಷಿಸುವ ಹಳೆಯ ವಿಧಾನದಲ್ಲೂ ಇದೇ ತಪ್ಪು ನಡೆಯುತ್ತದೆ. ತಟ್ಟೆಯಲ್ಲಿ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ದೊಡ್ಡದಿದ್ದರೆ ಆ ಔಷಧಿಯೇ ಮೇಲು ಎಂದುಕೊಳ್ಳುತ್ತಾರೆ. ಅಣು ದಪ್ಪವಿರುವ ಔಷಧಿ ತಟ್ಟೆಯಲ್ಲಿನ ಅಗರ್ ಎಂಬ ಜೆಲ್ಲಿಯಲ್ಲಿ ದೂರ ಹರಡುವುದಿಲ್ಲ, ವೃತ್ತ ಚಿಕ್ಕದೇ ಬರುತ್ತದೆ. ಕೊಲಿಸ್ಟಿನ್ ಎಂಬ ಔಷಧಿಗಂತೂ ಆ ಸಾಮಾನ್ಯ ಡಿಸ್ಕ್ ವಿಧಾನವನ್ನು ನಂಬುವ ಹಾಗೇ ಇಲ್ಲ.

ಮೆರೊಪೆನೆಮ್ ಏಕೆ ಬೇಡ ಎಂಬುದಕ್ಕೆ ನಿಮ್ಮ ರಿಪೋರ್ಟಿನ ಕೊನೆಯ ಸಾಲೇ ಉತ್ತರ. ಸೆಫ್ಟ್ರಿಯಾಕ್ಸೋನ್ 64ಕ್ಕೂ ಬಗ್ಗಿಲ್ಲ. ಬಹುತೇಕ ಇಂಥ ಇ. ಕೋಲೈ ಇಎಸ್‌ಬಿಎಲ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಸೆಫಿಕ್ಸಿಮ್, ಸೆಫೊಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಮೂರನ್ನೂ ಆ ಕಿಣ್ವ ಒಡೆದು ಹಾಕುತ್ತದೆ. ಒಂದು ಕಾಲಕ್ಕೆ ಈ ಔಷಧಿಗಳೇ ನಮ್ಮ ದೊಡ್ಡ ಆಯುಧಗಳಾಗಿದ್ದವು. ಶೀತ, ಕೆಮ್ಮು, ಭೇದಿ ಯಾವುದಕ್ಕೂ ಅಂಗಡಿಯಲ್ಲಿ ನಾಲ್ಕು ಮಾತ್ರೆ ಸೆಫಿಕ್ಸಿಮ್ ಕತ್ತರಿಸಿ ಕೊಟ್ಟು ಕೊಟ್ಟು ಅವು ಹೀಗಾಗಿವೆ. ಈ ಮೂರೂ ಸೇರುವ ಗುಂಪು, ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು, 2014ರಿಂದ ಶೆಡ್ಯೂಲ್ ಎಚ್1ರಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಅಂಗಡಿಯವರಾದ ಮಾವನವರಿಗೆ ಇದು ಗೊತ್ತಿರಲೇಬೇಕು.

ಸೆಫಲೋಸ್ಪೊರಿನ್ ಕೈಕೊಟ್ಟ ಮೇಲೆ ಐಸಿಯುನಲ್ಲಿ ರಕ್ತಕ್ಕೆ ಸೋಂಕು ಹರಡಿ ಬಿಪಿ ಬಿದ್ದ ರೋಗಿಗೆ ನಾವು ಮೊದಲು ಹುಡುಕುವುದು ಮೆರೊಪೆನೆಮ್ ಮತ್ತು ಅದರ ಬಳಗವನ್ನು. ಅದನ್ನೂ ಒಡೆಯುವ ಕಿಣ್ವಗಳು ಈಗಾಗಲೇ ಇವೆ. ಎನ್‌ಡಿಎಂ ಎಂಬುದು ಮೊದಲು ಪತ್ತೆಯಾದದ್ದು ಭಾರತದ ಆಸ್ಪತ್ರೆಯಲ್ಲಿದ್ದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರಿಂದ 2008ರಲ್ಲಿ ಪಡೆದ ಬ್ಯಾಕ್ಟೀರಿಯಾದಲ್ಲಿ. ಅದು ಸಿಕ್ಕಿದ್ದೂ ಮೂತ್ರದಲ್ಲೇ. ಅಂಥ ಬ್ಯಾಕ್ಟೀರಿಯಾ ಬಂದಾಗ ನಮ್ಮ ಕೈಯಲ್ಲಿ ಉಳಿಯುವ ಕೆಲವೇ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಅದು ಕಿಡ್ನಿಗೆ ಕೆಟ್ಟದ್ದು. ಅದರ ಮೇಲೆ ಭರವಸೆ ಎಷ್ಟು ಕಡಿಮೆಯೆಂದರೆ, 2020ರಿಂದ ಸಿಎಲ್‌ಎಸ್‌ಐ ಪಟ್ಟಿಯಲ್ಲಿ ಅದಕ್ಕೆ ಎಸ್ ಎಂಬ ವರ್ಗವನ್ನೇ ತೆಗೆದುಹಾಕಿದ್ದಾರೆ. ಐ (ಎಸ್ ಮತ್ತು ಆರ್ ನಡುವಿನದು) ಇಲ್ಲವೇ ಆರ್, ಎರಡೇ. ಕೋಳಿ ಮತ್ತು ದನಗಳ ಮೇವಿನಲ್ಲಿ ಅದನ್ನು ಬೆರೆಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದೂ ಇದಕ್ಕೇ. ಮಾತ್ರೆಯಲ್ಲಿ ವಾಸಿಯಾಗುವ ಉರಿಮೂತ್ರಕ್ಕೆ ಮೆರೊಪೆನೆಮ್ ಸುರಿದರೆ, ನಾಳೆ ನಿಮ್ಮ ಅಮ್ಮನಿಗೇ ನ್ಯುಮೋನಿಯಾ ಬಂದು ಐಸಿಯುಗೆ ಸೇರಿದ ದಿನ ಕೊಡಲು ಔಷಧಿ ಇಲ್ಲದಂತಾಗಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಎಲ್ಲ ಸಾಲಿನಲ್ಲೂ ಆರ್ ಎಂದಿರುವ ರಿಪೋರ್ಟಿಗೆ ಸಹಿ ಹಾಕಿ, ವಾರ್ಡಿಗೆ ಫೋನ್ ಮಾಡಿ ಹೇಳುವುದು ನನ್ನ ಕೆಲಸದಲ್ಲಿ ನನಗೆ ಅತಿ ಕಷ್ಟದ ಭಾಗ.

ಇದೇ ವಿಷಯಕ್ಕೆ ಸೇರಿದ ಇನ್ನೊಂದು ದೂರು: "ಆ ಲ್ಯಾಬಿನಲ್ಲಿ ಇಪ್ಪತ್ತು ಔಷಧಿ ತೋರಿಸುತ್ತಾರೆ, ನಿಮ್ಮಂಥವರು ಎಂಟೇ ತೋರಿಸುತ್ತೀರಿ." ಹೌದು, ಬೇಕೆಂದೇ. ಸಾಧಾರಣ ಔಷಧಿ ಕೆಲಸ ಮಾಡುತ್ತಿದ್ದರೆ ಅದರ ಮೇಲಿನ ದರ್ಜೆಯದನ್ನು ನಾವು ರಿಪೋರ್ಟಿನಲ್ಲಿ ಕಾಣಿಸುವುದಿಲ್ಲ. ವೈದ್ಯರು ಫೋನ್ ಮಾಡಿ ಕಾರಣ ಹೇಳಿದರೆ ಕೊಡುತ್ತೇವೆ. ಕೆಲವನ್ನು ಕಾಣಿಸುವುದೇ ಅಪಾಯ. ಟೈಫಾಯ್ಡ್ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಜೆಂಟಾಮೈಸಿನ್‌ಗೆ ಸಾಯುತ್ತದೆ. ದೇಹದಲ್ಲಿ ಅದು ನಮ್ಮ ಜೀವಕೋಶಗಳ ಒಳಗೆ ಅಡಗಿ ಕೂರುತ್ತದೆ, ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಅದಕ್ಕೆ ಎಸ್ ಎಂದು ಅಚ್ಚು ಹಾಕಿ ಕೊಡುವ ಲ್ಯಾಬ್ ರೋಗಿಗೆ ದ್ರೋಹ ಮಾಡುತ್ತಿದೆ. ಉದ್ದ ಪಟ್ಟಿಯೇ ಒಳ್ಳೆಯ ಲ್ಯಾಬಿನ ಗುರುತು ಎಂಬ ನಂಬಿಕೆ ಬಿಡಿ.

ಹೋದ ವರ್ಷದ ರಿಪೋರ್ಟ್ ತೋರಿಸಿ ಈ ವರ್ಷ ಔಷಧಿ ಕೊಳ್ಳುವವರಿಗೂ ಒಂದು ಮಾತು. ಆ ರಿಪೋರ್ಟ್ ಆ ದಿನದ ಆ ಬ್ಯಾಕ್ಟೀರಿಯಾದ್ದು. ಈಗ ಬಂದಿರುವುದು ಬೇರೆಯೇ ಇರಬಹುದು. ಅದು ಪ್ರೊಟಿಯಸ್ ಆಗಿದ್ದರೆ ನೈಟ್ರೊಫ್ಯುರಾಂಟಾಯಿನ್ ಎಷ್ಟು ನುಂಗಿದರೂ ಪ್ರಯೋಜನವಿಲ್ಲ, ಆ ಜಾತಿಗೆ ಅದು ಹುಟ್ಟಿನಿಂದಲೇ ತಾಗುವುದಿಲ್ಲ. ಹೊಸದಾಗಿ ಕಲ್ಚರ್‌ಗೆ ಕೊಡಿ, ಮೊದಲ ಮಾತ್ರೆ ನುಂಗುವ ಮುನ್ನ ಕೊಡಿ. ಮೂತ್ರವನ್ನು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಲಾಗದಿದ್ದರೆ ಫ್ರಿಜ್ಜಿನಲ್ಲಿಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅರ್ಧ ದಿನ ಬಿಸಿಲಲ್ಲಿ ಕೂತ ಬಾಟಲಿಯಲ್ಲಿ ಲಕ್ಷ ಬ್ಯಾಕ್ಟೀರಿಯಾ ಬೆಳೆಯುವುದು ಸಹಜವೇ.

ಪ್ರಶ್ನೆ: ಅಪ್ಪನಿಗೆ ಜ್ವರ ಎಂದು ದಾಖಲು ಮಾಡಿದರೆ ಎರಡೂ ಕೈಯಿಂದ ಹತ್ತು ಹತ್ತು ಎಂಎಲ್ ರಕ್ತ ತೆಗೆದು ಎರಡು ಕಲ್ಚರ್‌ಗೆ ಬಿಲ್ ಹಾಕಿದ್ದಾರೆ. ಒಂದೇ ಸಾಕಿರಲಿಲ್ಲವೇ?

ಉತ್ತರ: ಸಾಲದು. ರಕ್ತಕ್ಕೆ ಸೋಂಕು ಹರಡಿದ ವಯಸ್ಕರಲ್ಲೂ ಒಂದು ಎಂಎಲ್‌ಗೆ ಒಂದು ಬ್ಯಾಕ್ಟೀರಿಯಾ ಕೂಡ ಇರದಿರುವುದು ಉಂಟು. ಎರಡು ಎಂಎಲ್ ತೆಗೆದು ಬಾಟಲಿಗೆ ಹಾಕಿದರೆ "ನೋ ಗ್ರೋತ್" ಎಂದು ಬರುತ್ತದೆ, ರೋಗ ಇಲ್ಲ ಎಂದು ಮನೆಗೆ ಕಳಿಸುತ್ತಾರೆ. ಎರಡು ಕೈ ಏಕೆಂದರೆ, ಚರ್ಮದ ಮೇಲಿನ ಸ್ಟೆಫೈಲೊಕಾಕಸ್ ಸೂಜಿಯ ಜೊತೆ ಒಂದು ಬಾಟಲಿಗೆ ಬಿದ್ದರೆ ಅದರಲ್ಲಿ ಮಾತ್ರ ಬೆಳೆಯುತ್ತದೆ. ನಿಜವಾದ ಸೋಂಕು ಸಾಮಾನ್ಯವಾಗಿ ಎರಡರಲ್ಲೂ ಬೆಳೆಯುತ್ತದೆ. ಒಂದೇ ಬಾಟಲಿ ಇದ್ದರೆ ಯಾವುದು ನಿಜ ಎಂದು ಹೇಳಲು ನನಗೆ ದಾರಿಯಿಲ್ಲ, ಆ ಅನುಮಾನದಲ್ಲೇ ರೋಗಿಗೆ ದಿನಗಟ್ಟಲೆ ಸ್ಟೆಫೈಲೊಕಾಕಸ್‌ಗೆ ಕೊಡುವ ವ್ಯಾಂಕೊಮೈಸಿನ್ ಹರಿಯುತ್ತದೆ. ನಿಮ್ಮ ಆಸ್ಪತ್ರೆ ಸರಿಯಾದದ್ದನ್ನೇ ಮಾಡಿದೆ.

ಪ್ರಶ್ನೆ: ವೈಡಾಲ್ ಎಂಬ ರಕ್ತಪರೀಕ್ಷೆ ಮಾಡಿಸಿದಾಗಲೆಲ್ಲ 1:160 ಪಾಸಿಟಿವ್. ಇದು ಮೂರನೇ ಸಲ ಟೈಫಾಯ್ಡ್. ಪೂರ್ತಿ ಹೋಗಲು ಏನು ಮಾಡಬೇಕು?

ಉತ್ತರ: ಮೂರು ಸಲವೂ ಅದು ಟೈಫಾಯ್ಡೇ ಆಗಿತ್ತು ಎಂಬುದನ್ನು ನಾನು ಒಪ್ಪುವುದಿಲ್ಲ. 1896ರ ಆ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ, ಪ್ರತಿಕಾಯಗಳನ್ನು ಅಳೆಯುತ್ತದೆ. ಹಳೆಯ ಸೋಂಕು, ಲಸಿಕೆ, ಬೇರೆ ಜ್ವರ ಯಾವುದರಿಂದಲೂ ಅವು ಏರಿರಬಹುದು. ಜ್ವರದ ಎರಡನೇ ದಿನಕ್ಕೆ ವೈಡಾಲ್ ಮಾಡಿ, ಸಂಜೆಯೇ ಗ್ಲೂಕೋಸ್ ಬಾಟಲಿ ತೂಗುಹಾಕಿ "ಟೈಫಾಯ್ಡ್ ಸೂಜಿ" ಚುಚ್ಚುವ ನಕಲಿ ಡಾಕ್ಟರುಗಳು ಊರೂರಲ್ಲಿ ಇದರಿಂದಲೇ ಬದುಕುತ್ತಿದ್ದಾರೆ. ಅವರ ಹತ್ತಿರ ಹೋಗಬೇಡಿ. ಮುಂದಿನ ಸಲ ಜ್ವರ ಬಂದರೆ ಮೊದಲ ವಾರದಲ್ಲೇ, ಆಂಟಿಬಯಾಟಿಕ್‌ಗೆ ಮುಂಚೆ, ಬ್ಲಡ್ ಕಲ್ಚರ್ ಮಾಡಿಸಿ.

ಪ್ರಶ್ನೆ: ಟಿಬಿ ಇದೆಯೇ ಎಂದು ತಿಳಿಯಲು ರಕ್ತದಲ್ಲಿ ಐಜಿಜಿ, ಐಜಿಎಂ ಪ್ರತಿಕಾಯಗಳನ್ನು ನೋಡಿದರೆ ಸಾಕಲ್ಲವೇ?

ಉತ್ತರ: ಆ ಪರೀಕ್ಷೆಯನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ, ಈಗಲೂ ಮಾಡುವ ಲ್ಯಾಬ್ ಕಂಡರೆ ದೂರು ಕೊಡಿ, ಕಫವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಜೀನ್‌ಎಕ್ಸ್‌ಪರ್ಟ್‌ಗೆ ಕೊಡಿ. ಬ್ಯಾಕ್ಟೀರಿಯಾ ಇದೆಯೇ, ಅದು ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬ ಎರಡನ್ನೂ ಆ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ.

ಪ್ರಶ್ನೆ: ನನ್ನ ದೇಹ ಎಲ್ಲ ಆಂಟಿಬಯಾಟಿಕ್‌ಗೂ ರೆಸಿಸ್ಟೆಂಟ್ ಆಗಿದೆ. 21 ದಿನ ಕಷಾಯ ಕುಡಿದರೆ ಅದು ಹೋಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ನಿಜವೇ?

ಉತ್ತರ: ಸುಳ್ಳು. ರೆಸಿಸ್ಟೆಂಟ್ ಆಗುವುದು ಬ್ಯಾಕ್ಟೀರಿಯಾ, ನಿಮ್ಮ ದೇಹವಲ್ಲ.

ಪ್ರಶ್ನೆ: ಮಾಸ್ಟರ್ ಹೆಲ್ತ್ ಚೆಕಪ್‌ನಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಎಂದು ಬಂದಿದೆ. ಉರಿ, ಜ್ವರ ಏನೂ ಇಲ್ಲ. ಯಾವ ಕೋರ್ಸ್ ತಗೊಳ್ಳಲಿ?

ಉತ್ತರ: ಗರ್ಭಿಣಿಯಲ್ಲದಿದ್ದರೆ, ಮೂತ್ರನಾಳದ ಆಪರೇಷನ್ ಎದುರಿಗಿಲ್ಲದಿದ್ದರೆ, ಯಾವುದೂ ಬೇಡ. ತೊಂದರೆಯಿಲ್ಲದವರಿಗೆ ಆ ಕಲ್ಚರನ್ನು ಪ್ಯಾಕೇಜಿನಲ್ಲಿ ಸೇರಿಸಿದ್ದೇ ತಪ್ಪು.

ಪ್ರಶ್ನೆ: ನ್ಯುಮೋನಿಯಾ ಎಂದು ಕಫ ಕೊಟ್ಟರೆ ಲ್ಯಾಬಿನವರು "ಸರಿಯಿಲ್ಲ, ಮತ್ತೆ ಕೊಡಿ" ಎಂದು ವಾಪಸು ಮಾಡಿದರು. ಇದು ಸತಾಯಿಸುವುದಲ್ಲವೇ?

ಉತ್ತರ: ನೀವು ಕೊಟ್ಟದ್ದು ಎಂಜಲು. ಸೂಕ್ಷ್ಮದರ್ಶಕದಲ್ಲಿ ಬಾಯಿಯ ಒಳಪದರದ ಕೋಶಗಳೇ ತುಂಬಿದ್ದು ಕೀವಿನ ಕೋಶಗಳು ಕಾಣದಿದ್ದರೆ ಅದು ಶ್ವಾಸಕೋಶದಿಂದ ಬಂದದ್ದಲ್ಲ ಎಂದು ತಿಳಿಯುತ್ತದೆ. ಅದನ್ನೇ ಕಲ್ಚರ್ ಮಾಡಿದ್ದರೆ ಬಾಯಲ್ಲಿ ಸದಾ ಇರುವ ಯಾವುದೋ ಬ್ಯಾಕ್ಟೀರಿಯಾ ಬೆಳೆದು, ಅದಕ್ಕೆ ನಿಮಗೆ ಔಷಧಿ ಕೊಡುತ್ತಿದ್ದರು. ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದುಕೊಂಡು ಎದೆಯಿಂದ ಕೆಮ್ಮಿ, ಬಂದ ಗಟ್ಟಿ ಕಫವನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೇ ಹಾಕಿ ಕೂಡಲೇ ತಲುಪಿಸಿ.